ಎರಡು ಕಿಲೋ ಸಕ್ಕರೆಗೆ ಎಷ್ಟು ನೀರು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಇಳಕಲ್ಲಿನ ನಮ್ಮ ಅಡುಗೆಮನೆಯಲ್ಲಿ ನಾನೊಮ್ಮೆ ಒಂದು ಆನೆ, ಎರಡು ಕುದುರೆಗಳನ್ನು ಲೋಟಕ್ಕೆ ಬಗ್ಗಿಸಿ ಕುಡಿಯುವ ಹಾಗೆ ಮಾಡಿಟ್ಟಿದ್ದೆ.

ಅಂದು ಗೌರಿ ಹುಣ್ಣಿಮೆ. ನಮ್ಮ ಕಡೆ ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳನ್ನಿಟ್ಟುಕೊಂಡು ಗೌರಿಗೆ ಆರತಿ ಒಯ್ಯುತ್ತಾರೆ. ಹೋದ ವರ್ಷ ಜ್ವರ ಬಂದು ಮಲಗಿದ್ದ ನನ್ನ ತಂಗಿ, ಈ ಸಲ ತನ್ನ ತಟ್ಟೆಯಲ್ಲಿ ಆನೆ ಇರುತ್ತದೆ ಎಂದು ಓಣಿಗೆಲ್ಲ ಸಾರಿ ಬಂದಿದ್ದಳು. ಅವ್ವ ಮಗ್ಗದಲ್ಲಿ ಕೂತೇ ನನಗೆ ಹೇಳಿದಳು: "ಸಕ್ಕರಿ ತೋಯೂವಷ್ಟ ನೀರು ಹಾಕಿ ಒಲಿ ಮ್ಯಾಲ ಇಡು. ಸೆರಗು ಮುಗಿಸಿ ಬರ್ತೇನಿ."

ತೋಯುವಷ್ಟು ಎಂಬುದು ಒಂದು ಅಳತೆಯೇ? ನಾನು ಹತ್ತನೇ ತರಗತಿ. ನೂರು ಗ್ರಾಂ ತಣ್ಣೀರಿನಲ್ಲಿ ಸುಮಾರು ಇನ್ನೂರು ಗ್ರಾಂ ಸಕ್ಕರೆ ಕರಗುತ್ತದೆ. ಅಂದರೆ ಎರಡು ಕಿಲೋಗೆ ಒಂದು ಲೀಟರ್. ಒಂದು ಹರಳೂ ಉಳಿದು ವಿಜ್ಞಾನಕ್ಕೆ ಅವಮಾನವಾಗಬಾರದೆಂದು ಎರಡು ಲೀಟರ್ ಸುರಿದು ಒಲೆಯ ಮೇಲಿಟ್ಟೆ. ಸಕ್ಕರೆ ಗುರುತೇ ಇಲ್ಲದಂತೆ ಮಾಯವಾಯಿತು. ಒಲೆ ಆರಿಸಿದೆ.

"ಅಣ್ಣಾ, ಅವ್ವ ಭಾಳ ಹೊತ್ತು ಕುದಸ್ತಾಳ," ಎಂದಳು ತಂಗಿ.

"ಕರಗೂತನ ಕುದಸೂದು. ಕರಗೇತಿ. ಇನ್ನ ಗ್ಯಾಸ್ ಯಾಕ ಸುಡೂದು?"

ನೆನೆಸಿಟ್ಟ ಆನೆ, ಕುದುರೆಗಳ ಎರಡು ಹೋಳಿನ ಕಟ್ಟಿಗೆ ಅಚ್ಚುಗಳಿಗೆ ದಾರ ಬಿಗಿದು ಪಾಕ ಹೊಯ್ದೆ. ಅರ್ಧ ಆನೆ ಸಂದಿಯಿಂದಲೇ ಹೊರಟಿತು. ಉಳಿದರ್ಧ, ದಾರ ಬಿಚ್ಚಿದಾಗ ನನ್ನ ಮೊಣಕೈವರೆಗೆ ಇಳಿಯಿತು. ಇಳಕಲ್ಲಿನ ಇರುವೆಗಳೆಲ್ಲ ಬಂದವು. ಪಕ್ಕದ ಹುನಗುಂದದವು ಬಸ್ಸು ಹತ್ತಿರಬೇಕು.

ತಂಗಿ ಖಾಲಿ ಅಚ್ಚಿನೊಳಗೆ ಇಣುಕಿದಳು. "ಆನಿ ಎಲ್ಲೈತಿ?"

"ಕರಗೇತಿ. ನನ್ನ ಲೆಕ್ಕ ಬರೋಬ್ಬರಿ ಐತಿ."

"ನಿನ್ನ ಲೆಕ್ಕ ತಟ್ಟಿಯೊಳಗ ಇಟ್ಕೊಂಡ ಹೋಗ್ಲೇನು?" ಅವಳ ಗಲ್ಲ ನಡುಗತೊಡಗಿತು. ಗೆಳತಿಯರು ಬರುವ ಹೊತ್ತು ಹತ್ತಿರವಾಗಿತ್ತು.

ನಾನು ಧೈರ್ಯಗೆಡಲಿಲ್ಲ. ಪಾತ್ರೆಯಲ್ಲಿನ ಈ ನೀರು ಇನ್ನೆಷ್ಟು ಸಕ್ಕರೆ ನುಂಗಿದರೆ ಅದಕ್ಕೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಇನ್ನೂ ಎರಡು ಕಿಲೋ. ಚಹಾದ ಸಕ್ಕರೆ ಡಬ್ಬಿಯನ್ನು ಪಾತ್ರೆಯ ಮೇಲೆ ಬೋರಲು ಹಾಕುವಷ್ಟರಲ್ಲಿ ಅವ್ವ ಒಳಗೆ ಬಂದಳು.

ಪಾತ್ರೆ ನೋಡಿದಳು, ಇರುವೆ ನೋಡಿದಳು, ನನ್ನ ಮೊಣಕೈ ನೋಡಿದಳು. ಡಬ್ಬಿ ಕಸಿದುಕೊಂಡು ಒಲೆ ಹಚ್ಚಿದಳು.

"ನೀರು ಹಿಂಗೂತನ ಕುದೀಬೇಕು ಇದು. ಶಾಣ್ಯಾ, ನೀ ಹೊರಗ ನಡಿ."

ಆಮೇಲೆ ತಂಗಿಯ ಕಡೆ ತಿರುಗಿದಳು. "ಅಳಬ್ಯಾಡ. ಅಚ್ಚು ತೊಳಿ. ಆನಿ ಆಗೂತನ ನಿನ್ನ ಗೆಳತ್ಯಾರನ್ನ ನಾ ನಿಲ್ಲಸ್ತೇನಿ."