ಮಲಗದ ಯಂತ್ರಕ್ಕೊಂದು ಷರತ್ತು

ಸಾವಿರಾರು ಕಂಪ್ಯೂಟರುಗಳಿರುವ ಡೇಟಾ ಸೆಂಟರುಗಳಿಗೆ ಕರೆಂಟು ಕೊಡುವ ಪುಟ್ಟ ಅಣುಸ್ಥಾವರ ಕಟ್ಟಬೇಕೆಂದು ಹೊರಟ ಹೊಸ ಕಂಪನಿ ನಮ್ಮದು. ಧಾರವಾಡದ ಆಚೆ ಒಂದು ಹೊಲ ಮನಸ್ಸಿಗೆ ಬಂದಿತ್ತು. ಅದರ ಮಾಲೀಕರನ್ನು, ಎಲ್ಲರೂ ಕಾಕಾ ಎಂದೇ ಕರೆಯುವ ಹಿರಿಯರನ್ನು, ಒಪ್ಪಿಸಲು ನವನಗರದ ಅವರ ಮನೆಗೆ ಹೋದೆ. ಸಂಜೆಯೊಳಗೆ ಅವರಿಂದ ಹೂಂ ಅನ್ನಿಸಿಕೊಳ್ಳದಿದ್ದರೆ ಕಂಪನಿ ಬೇರೆ ಊರು ನೋಡುವುದಿತ್ತು.

ಊಟಕ್ಕೆ ಕೂರಿಸಿ, ಎಲ್ಲ ಕೇಳಿಸಿಕೊಂಡು, ಕಾಕಾ ಕೇಳಿದರು: “ನಿಮ್ಮ ಯಂತ್ರ ಮಲಗೂದು ಯಾವಾಗರಿ?”

“ಮಲಗೂದಿಲ್ರಿ ಕಾಕಾ. ಹಗಲೂ ರಾತ್ರಿ ನಡೀತದ.”

“ಮತ್ತ ಆ ಕಂಪ್ಯೂಟರ್?”

“ಅವೂ ಮಲಗೂದಿಲ್ರಿ.”

“ಪಾಪ,” ಎನ್ನುತ್ತ ಅವರು ಜಮಖಾನ ಹಾಸಿದರು. “ನೀವರೆ ಅಡ್ಡಾಗ್ರಿ. ಎದ್ದ ಮ್ಯಾಲೆ ಮಾತಾಡೋಣು.”

ಮಧ್ಯಾಹ್ನ ಅಂಗಡಿಗಳೇ ಬಾಗಿಲೆಳೆದುಕೊಂಡು ಮಲಗುವ ಊರಿನಲ್ಲಿ ವಾದಿಸಿ ಏನು ಬಂತು? ಫ್ಯಾನಿನ ಸದ್ದಿಗೆ ಕಣ್ಣು ಮುಚ್ಚಿತು. ಕನಸಿನಲ್ಲಿ ನಮ್ಮ ಸ್ಥಾವರವೂ ಬಂದು ಪಕ್ಕದಲ್ಲೇ ಮಗ್ಗುಲಾಯಿತು. ದೂರದಲ್ಲೆಲ್ಲೋ ಕಂಪ್ಯೂಟರುಗಳ ದೀಪ ಒಂದೊಂದಾಗಿ ಆರಿ, ಜಗತ್ತು ಉಸಿರಾಡುವುದಷ್ಟೇ ಕೇಳಿಸುತ್ತಿತ್ತು.

ಎಚ್ಚರವಾದಾಗ ಎದುರಿಗೆ ಚಹಾ ಇತ್ತು, ಕಾಕಾ ಇದ್ದರು.

“ಹೊಲ ಕೊಡ್ತೇನಿ. ಆದ್ರ ಊಟದ ಹೊತ್ತು ಮುಗದ ಮ್ಯಾಲೆ ಒಂದು ತಾಸು ನಿಮ್ಮ ಯಂತ್ರಾನೂ ಮಲಗಸ್ರಿ.”

ಹೂಂ ಅನ್ನಿಸಿಕೊಳ್ಳಲು ಹೋದ ನಾನೇ ಹೂಂ ಅಂದು ಬಂದೆ. ಷರತ್ತನ್ನು ನಮ್ಮ ಎಂಜಿನಿಯರುಗಳಿಗೆ ಇನ್ನೂ ಹೇಳಿಲ್ಲ. ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದ ಮೇಲೆ ಹೇಳಿದರಾಯಿತು ಅಂತ ದಿನಾ ಅಂದುಕೊಳ್ಳುತ್ತೇನೆ.