ವಾರಗಿತ್ತಿಯ ಬೀಗವಿಲ್ಲದ ಸೈಕಲ್ಲು

"ಯಾರಮ್ಮಾ ಅದು? ಚಂದ್ರಕ್ಕನ್ ವಂಡಿ ಬುಡು!"

ಟೀ ಅಂಗಡಿಯವನು, ಹೂ ಮಾರುವವಳು, ಆಟೋದವರು ಒಟ್ಟಿಗೇ ಕೂಗಿದರು. ನಂಗವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸೈಕಲ್ ತೆಗೆಯಲೆಂದು ವಾರಗಿತ್ತಿ ಚಂದ್ರಳ ಸೈಕಲ್ಲನ್ನು ಪಕ್ಕಕ್ಕೆ ಸರಿಸಿದ್ದೆ, ಅಷ್ಟೇ. ಅದು ತಾಗಿ ನನ್ನ ಸೈಕಲ್ಲಿನ ಸ್ಮಾರ್ಟ್ ಬೀಗ ಸೈರನ್ ಹೊಡೆಯತೊಡಗಿತು. ಅದರ ಕಡೆಗೆ ಒಬ್ಬರೂ ತಿರುಗಿ ನೋಡಲಿಲ್ಲ.

ಫೋನಿನಲ್ಲಿ ತೆರೆಯುವ ಬೀಗ, ಊರಿಗೇ ಮೊದಲನೆಯದು ಎಂದು ಚಂದ್ರಳ ಮುಂದೆ ಎಷ್ಟು ಮೆರೆದಿದ್ದೆ! ಅವಳ ಸೈಕಲ್ಲಿಗೆ ಬೀಗವೇ ಇಲ್ಲ. ಮಗ್ಗದಲ್ಲಿ ಉಳಿದ ಕೆಂಪು, ಹಳದಿ ನೂಲನ್ನು ಹ್ಯಾಂಡಲ್ಲಿಗೆ ಸುತ್ತಿದ್ದಾಳೆ. ನಿಲ್ಲಿಸಿದ ಮೇಲೆ "ವಸಿ ನೋಡ್ಕಳ್ರಪ್ಪಾ" ಎಂದು ಸುತ್ತಲಿನವರಿಗೆಲ್ಲ ಹೇಳಿ ಮೆಟ್ಟೂರು ಬಸ್ಸು ಹತ್ತುತ್ತಾಳೆ.

"ನಾನು ಚಂದ್ರಳ ವಾರಗಿತ್ತಿ ಕಣಪ್ಪಾ, ಇದು ನನ್ನ ಸೈಕಲ್ಲು" ಎಂದೆ.

ಟೀ ಅಂಗಡಿಯವನು ನಕ್ಕ. "ಓ, ನಿಮ್ದಾ? ಯಾರ್ದೋ ಏನೋ, ದಿನಾ ಇಂಗೇ ಬಡ್ಕಂತೈತೆ ಅಂತ ಬುಟ್ಬುಟ್ಟಿದ್ವಿ."

ಇಬ್ಬರೂ ಒಂದೇ ಮನೆಯ ಸೊಸೆಯರು, ಇಬ್ಬರ ಸೈಕಲ್ಲೂ ದಿನಾ ನಿಲ್ಲುವುದು ಅಲ್ಲೇ. ಅವಳು ಮಾತ್ರ ಎಲ್ಲರಿಗೂ ಅಕ್ಕ, ನಾನು ಯಾರೋ!

ಮರುದಿನ ನಾನೂ ಹ್ಯಾಂಡಲ್ಲಿಗೆ ನೂಲು ಸುತ್ತಿದೆ, ಅವಳದಕ್ಕಿಂತ ಎರಡು ಬಣ್ಣ ಜಾಸ್ತಿಯೇ. ಟೀ ಅಂಗಡಿಯವನಿಗೆ "ನೋಡ್ಕಳಪ್ಪಾ" ಎಂದೂ ಹೇಳುತ್ತಿದ್ದೇನೆ. ಬೀಗ ಬಿಚ್ಚಿಟ್ಟು ಹೋಗಿ ನೋಡುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.