ಮೆಂತ್ಯದ ಮಡಿ ಅಗೆಸಿದವಳು

ಸೊಲ್ಲಾಪುರ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಬಣ್ಣದ ಕಾರ್ಖಾನೆಯ ವಿಷದ ಮಣ್ಣು ತೆಗೆಸಲು ಬಂದ ಮೇಲ್ವಿಚಾರಕಿ ಮಾತು ಕಡಿಮೆ ಆಡುತ್ತಿದ್ದಳು. ಗುಂಡಿಗೆ ಇಳಿದು, ಕೋಲಿನಿಂದ ಕೆದಕಿ, "ಇನ್ನೊಂದು ಗೇಣು ತಗೀರಿ" ಎನ್ನುತ್ತಿದ್ದಳು. ಆಳುಗಳು ಗೊಣಗಿದರೂ ಅದೇ ಮಾತು.

ನಾವು ಅರಕೇರಿಯವರು ಬೇಸಿಗೆಯಲ್ಲಿ ಕೆರೆಯ ಹೂಳು ತಂದು ಹೊಲಕ್ಕೆ ಹಾಕುವವರು. ಅವಳು ಬರುವ ಮೊದಲೇ ಕಾರ್ಖಾನೆಯ ಕಪ್ಪು ಮಣ್ಣೂ ಹಾಗೆಯೇ ಎಂದು ತಿಳಿದು, ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ ಮೆಂತ್ಯದ ಮಡಿಗೆ ಹರಡಿದ್ದೆ. ಸುದ್ದಿ ತಿಳಿದು ಅವಳು ಮನೆಗೇ ಬಂದಳು.

"ಮೆಂತೆ ಕೀಳಬೇಕ್ರಿ ಆಯಿ. ಯಾರೂ ತಿನ್ನಬ್ಯಾಡ್ರಿ."

"ಕೆರಿ ಮಣ್ಣಿನಂಗ ಕರ್ರಗ ಐತಿ. ಒಕ್ಕಲುತನ ನಿನಗೇನ ಗೊತ್ತ ಬೇ?"

"ಕೆರ್ಯಾಗ ಬಣ್ಣ ಕುದಿಸ್ತಾರೇನ್ರಿ?"

ಬಾಯಿಗೆ ಬಂದಂತೆ ಬೈದೆ. ಅವಳು ಸೆರಗು ಸಿಗಿಸಿ ಕುಳಿತು ತಾನೇ ಕೀಳತೊಡಗಿದಳು. ಮಡಿಯನ್ನು ಮೊಣಕಾಲುದ್ದ ಅಗೆಸಿ, ಮಣ್ಣೆಲ್ಲ ಲಾರಿಗೆ ಹೇರಿಸಿದಳು. ಆಮೇಲೆ, ಮೊಮ್ಮಕ್ಕಳು ಆ ಸೊಪ್ಪು ಎಷ್ಟು ಸಲ ತಿಂದರು ಎಂದು ಕೇಳಿ ಬರೆದುಕೊಂಡಳು.

ಹೊರಟವಳನ್ನು ನಾನೇ ತಡೆದೆ.

"ನಿಂದ್ರ ಬೇ. ಸಾರವಾಡದಾಗ ಮಗಳ ಹೊಲಕ್ಕೂ ಒಂದ ಟ್ರ್ಯಾಕ್ಟರ್ ಕಳಿಸೇನಿ."

ಹೊಲ ಅಗೆಸಿಯಾರೆಂದು ಹೆದರಿ, ಯಾರಿಗೂ ಹೇಳಬೇಡವೆಂದು ಮಗಳಿಗೆ ತಾಕೀತು ಮಾಡಿದ್ದವಳೂ ನಾನೇ. ಮೇಲ್ವಿಚಾರಕಿ ಗುದ್ದಲಿಗಳನ್ನು ಜೀಪಿಗೆ ಹಾಕಿಸಿದಳು. ದಾರಿ ತೋರಿಸಲು ನಾನು ಮುಂದಿನ ಸೀಟಿಗೆ ಹತ್ತಿ ಕುಳಿತೆ.